ಸೋಡಿಯಂ-ಪೊಟ್ಯಾಸಿಯಂ ಪಂಪು: ಎರಡು ಬಾಗಿಲು ಒಟ್ಟಿಗೆ ತೆರೆಯಬಾರದು

ಪ್ರಾಣಿಕೋಶದ ಪೊರೆಯಲ್ಲಿರುವ ಈ ಪಂಪಿನ ಬಗ್ಗೆ ಪಠ್ಯಪುಸ್ತಕ ಹೇಳುವುದು ಹೆಚ್ಚೆಂದರೆ ಒಂದು ಸಾಲು: ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಖರ್ಚು ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ, ಫಾಸ್ಫೇಟ್ ಹೊತ್ತ ಅಣು). ತಪ್ಪೇನಿಲ್ಲ. ಆದರೆ ಅಷ್ಟರಿಂದ ಡಿಗಾಕ್ಸಿನ್ ಮಾತ್ರೆ ಹೃದಯಕ್ಕೆ ಏನು ಮಾಡುತ್ತದೆ, ಕಣಗಿಲೆ ಯಾಕೆ ವಿಷ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಪಂಪು ಯಾವ ಹಂತದಲ್ಲಿ ಯಾವ ಕಡೆ ತೆರೆದಿರುತ್ತದೆ ಎಂದು ನೋಡಬೇಕು.

ಮುಖ್ಯ ಭಾಗ ಆಲ್ಫಾ. ಸುಮಾರು 1000 ಅಮೈನೋ ಆಮ್ಲಗಳ ಈ ಸರಪಳಿ ಪೊರೆಯನ್ನು 10 ಸಲ ದಾಟುತ್ತದೆ. ಕೋಶದ ಒಳಗೆ ಚಾಚಿಕೊಂಡಿರುವ ಮೂರು ಗಡ್ಡೆಗಳಿಗೆ ಎನ್, ಪಿ, ಎ ಎಂದು ಹೆಸರು: ‘ಎನ್’ ಎಟಿಪಿಯನ್ನು ಹಿಡಿಯುತ್ತದೆ, ‘ಪಿ’ ಫಾಸ್ಫೇಟನ್ನು ತನ್ನ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲದ ಮೇಲೆ ಹೊತ್ತುಕೊಳ್ಳುತ್ತದೆ, ‘ಎ’ ಅದನ್ನು ಕಳಚಲು ನೆರವಾಗುತ್ತದೆ. ಬೀಟಾ ಎಂಬ, ಸಕ್ಕರೆ ಅಂಟಿಕೊಂಡ ಎರಡನೇ ಭಾಗ ಪೊರೆಯನ್ನು ಒಂದೇ ಸಲ ದಾಟುತ್ತದೆ. ಅದಿಲ್ಲದೆ ಆಲ್ಫಾ ಸರಿಯಾಗಿ ಮಡಚಿಕೊಂಡು ಪೊರೆಯವರೆಗೆ ಬರುವುದಿಲ್ಲ. ಮೂರನೆಯದೊಂದು ಚಿಕ್ಕ ತುಂಡು ಅಂಗಾಂಗಕ್ಕೆ ತಕ್ಕಂತೆ ವೇಗ ಹೊಂದಿಸುತ್ತದೆ.

ಈಗ ಒಂದು ಸುತ್ತು. ಪಂಪು ಒಳಮುಖವಾಗಿ ತೆರೆದಿರುವಾಗ ಅದಕ್ಕೆ ಸೋಡಿಯಂ ಮೇಲೆ ಸೆಳೆತ ಹೆಚ್ಚು. ಮೂರು ಸೋಡಿಯಂ ಕೂತ ಮೇಲೆ ಎಟಿಪಿಯ ಫಾಸ್ಫೇಟ್ ಆಸ್ಪಾರ್ಟೇಟಿಗೆ ದಾಟುತ್ತದೆ, ಒಳಬಾಗಿಲು ಮುಚ್ಚುತ್ತದೆ. ಸ್ವಲ್ಪ ಹೊತ್ತು ಈ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಎರಡೂ ಕಡೆ ದಾರಿಯಿಲ್ಲದೆ ಬಂದಿಯಾಗಿರುತ್ತವೆ. ನಂತರ ಹೊರಬಾಗಿಲು ತೆರೆಯುತ್ತದೆ, ಸೆಳೆತ ಸಡಿಲವಾಗಿ ಸೋಡಿಯಂ ಹೊರಬೀಳುತ್ತದೆ. ಖಾಲಿಯಾದ ಜಾಗಕ್ಕೆ ಹೊರಗಿನ ಎರಡು ಪೊಟ್ಯಾಸಿಯಂ ಬಂದು ಕೂರುತ್ತವೆ. ಅವು ಕೂತದ್ದೇ ಫಾಸ್ಫೇಟ್ ಕಳಚಿ ಹೊರಬಾಗಿಲು ಮುಚ್ಚುತ್ತದೆ. ಹೊಸ ಎಟಿಪಿ ಬಂದಾಗ ಒಳಬಾಗಿಲು ಬೇಗ ತೆರೆದು ಪೊಟ್ಯಾಸಿಯಂ ಒಳಗೆ ಬೀಳುತ್ತದೆ. ಈ ಹೆಜ್ಜೆಯಲ್ಲಿ ಎಟಿಪಿ ಒಡೆಯಬೇಕಿಲ್ಲ, ಬಂದು ಕೂತರೆ ಸಾಕು. ವೇಗ ಸೆಕೆಂಡಿಗೆ ನೂರು ಸುತ್ತಿನ ಆಸುಪಾಸು.

ಎರಡು ಬಾಗಿಲೂ ಒಟ್ಟಿಗೆ ತೆರೆದರೆ ಏನಾಗುತ್ತದೆ ಎಂಬುದನ್ನು ಪಾಲಿಟಾಕ್ಸಿನ್ ತೋರಿಸುತ್ತದೆ. ಹವಳದ ಬಳಗದ ಕೆಲವು ಸಮುದ್ರಜೀವಿಗಳಲ್ಲಿರುವ ಈ ವಿಷ ಪಂಪನ್ನು ಬರೀ ತೂತಾಗಿಸುತ್ತದೆ. ಸೆಕೆಂಡಿಗೆ ನೂರರ ಲೆಕ್ಕದಲ್ಲಿ ಸಾಗುತ್ತಿದ್ದ ಅಯಾನುಗಳು ಹತ್ತು ಲಕ್ಷದ ಲೆಕ್ಕದಲ್ಲಿ ಹರಿಯುತ್ತವೆ. ಅಕ್ವೇರಿಯಂ ಹವ್ಯಾಸಿಗಳು ಇಂಥ ಜೀವಿ ಅಂಟಿದ ಕಲ್ಲನ್ನು ಕುದಿನೀರಲ್ಲಿ ತೊಳೆದು, ಆವಿ ಸೇವಿಸಿ ಆಸ್ಪತ್ರೆ ಸೇರಿದ್ದುಂಟು.

ಮೂರೇ ಸೋಡಿಯಂ ಯಾಕೆ, ನಾಲ್ಕು ಯಾಕಲ್ಲ? ಲೆಕ್ಕ ಹಾಕಿ ನೋಡಬಹುದು. ಲೀಟರಿಗೆ ಸೋಡಿಯಂ ಒಳಗೆ 12, ಹೊರಗೆ 145 ಮಿಲಿಮೋಲ್; ಪೊಟ್ಯಾಸಿಯಂ ಒಳಗೆ 140, ಹೊರಗೆ 4; ಪೊರೆಯ ವಿಭವ (ಒಳಗೂ ಹೊರಗೂ ಇರುವ ವಿದ್ಯುತ್ ವ್ಯತ್ಯಾಸ) ಮೈನಸ್ 70 ಮಿಲಿವೋಲ್ಟ್ ಎಂದಿಟ್ಟುಕೊಳ್ಳಿ. 37 ಡಿಗ್ರಿಯಲ್ಲಿ ಒಂದು ಮೋಲ್ ಸೋಡಿಯಂ ಹೊರದಬ್ಬಲು ಸುಮಾರು 13 ಕಿಲೋಜೂಲ್ ಬೇಕು, ಪೊಟ್ಯಾಸಿಯಂ ಒಳತರಲು ಎರಡೂವರೆಯಷ್ಟು. ಒಟ್ಟು ಹತ್ತಿರ ಹತ್ತಿರ 44. ಕೋಶದೊಳಗೆ ಎಟಿಪಿ ಕೊಡುವುದು 50ರಿಂದ 55. ನಾಲ್ಕನೇ ಸೋಡಿಯಂ ಸೇರಿಸಿದರೆ ಬೇಡಿಕೆ 57 ದಾಟುತ್ತದೆ, ಪಂಪು ನಿಲ್ಲುತ್ತದೆ. ಅಂದಹಾಗೆ, ಪೊರೆಯ ವಿಭವಕ್ಕೆ ಈ 3:2 ಅಸಮತೋಲನವೇ ಕಾರಣ ಎಂದು ಹಲವು ಕಡೆ ಬರೆದಿರುತ್ತಾರೆ. ಅದರ ನೇರ ಪಾಲು ಕೆಲವೇ ಮಿಲಿವೋಲ್ಟ್. ಉಳಿದದ್ದು ಪಂಪು ಒಳಗೆ ಪೇರಿಸಿಟ್ಟ ಪೊಟ್ಯಾಸಿಯಂ ಪೊರೆಯ ಚಾನೆಲ್‌ಗಳ (ಅಯಾನು ಹಾದುಹೋಗುವ ಕಾಲುವೆಗಳ) ಮೂಲಕ ಹೊರಸೋರುವುದರಿಂದ ಬರುತ್ತದೆ.

ಡಿಗಾಕ್ಸಿನ್ ಹೊರಗಿನಿಂದ ಬಂದು, ಫಾಸ್ಫೇಟ್ ಹೊತ್ತು ಹೊರಮುಖವಾಗಿ ತೆರೆದ ಪಂಪಿಗೇ ಗಟ್ಟಿಯಾಗಿ ಅಂಟುತ್ತದೆ. ಸುತ್ತು ಅಲ್ಲೇ ನಿಲ್ಲುತ್ತದೆ. ಹೃದಯದ ಕೋಶದೊಳಗೆ ಸೋಡಿಯಂ ತುಸು ಏರುತ್ತದೆ. ಮೂರು ಸೋಡಿಯಂ ಒಳಬಿಟ್ಟುಕೊಂಡು ಒಂದು ಕ್ಯಾಲ್ಸಿಯಂ ಹೊರಹಾಕುವ ವಿನಿಮಯಕಾರಕ ನಿಧಾನವಾಗುತ್ತದೆ. ಉಳಿದ ಕ್ಯಾಲ್ಸಿಯಮ್ಮನ್ನು ಇನ್ನೊಂದು ಪಂಪು ಕೋಶದೊಳಗಿನ ಕ್ಯಾಲ್ಸಿಯಂ ಸಂಚಿಗೆ ತುಂಬುತ್ತದೆ. ಮುಂದಿನ ಬಡಿತ ಬಲವಾಗುತ್ತದೆ. ಅತಿಯಾದರೆ ಸಂಚಿಯಿಂದ ಕ್ಯಾಲ್ಸಿಯಂ ಹೊತ್ತಲ್ಲದ ಹೊತ್ತಿನಲ್ಲಿ ಸೋರಿ ಲಯ ತಪ್ಪುತ್ತದೆ. ನಮ್ಮ ಹಿತ್ತಲಿನ ಕಣಗಿಲೆ, ಹಳದಿ ಕಣಗಿಲೆಗಳ ವಿಷವೂ ಇದೇ ಜಾತಿಯದು.

ಫ್ಯೂರೋಸಮೈಡ್‌ನಂಥ ಮೂತ್ರವರ್ಧಕದಿಂದ ರಕ್ತದ ಪೊಟ್ಯಾಸಿಯಂ ಇಳಿದಿದ್ದರೆ, ಪಂಪು ಹೊರಮುಖ ಸ್ಥಿತಿಯಲ್ಲಿ ಪೊಟ್ಯಾಸಿಯಮ್ಮಿಗಾಗಿ ಹೆಚ್ಚು ಹೊತ್ತು ಕಾಯುತ್ತದೆ. ಡಿಗಾಕ್ಸಿನ್‌ಗೆ ಬೇಕಾದ್ದೂ ಅದೇ. ಹಾಗಾಗಿ ಡೋಸ್ ಬದಲಾಗದಿದ್ದರೂ ವಿಷದ ಲಕ್ಷಣ ಕಾಣಿಸಿಕೊಳ್ಳುತ್ತದೆ. ತೀವ್ರ ಕಣಗಿಲೆ ವಿಷದಲ್ಲಿ ಚಿತ್ರ ತಿರುಗುಮುರುಗು: ಮೈತುಂಬ ಪಂಪುಗಳು ನಿಂತು, ಒಳಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಮಟ್ಟ ಏರುತ್ತದೆ. ಡಿಗಾಕ್ಸಿನ್ ವಿರುದ್ಧ ತಯಾರಿಸಿದ ಪ್ರತಿಕಾಯದ ತುಣುಕುಗಳು ಎರಡಕ್ಕೂ ಮದ್ದು. ಈ ಜಾತಿಯದೇ ಆದ ಊಬೈನ್‌ನಿಂದಲೇ ಡೆನ್ಮಾರ್ಕಿನ ಆರ್ಹಸ್‌ನ ವಿಜ್ಞಾನಿ ಯೆನ್ಸ್ ಸ್ಕೌ ತಾವು ಏಡಿಯ ಕಾಲಿನ ನರದಲ್ಲಿ ಕಂಡು 1957ರಲ್ಲಿ ವರದಿ ಮಾಡಿದ್ದ ಕಿಣ್ವ ಈ ಪಂಪೇ ಎಂದು ಖಚಿತಪಡಿಸಿಕೊಂಡದ್ದು. 1997ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಅವರಿಗೆ ಬಂತು.

ಪಂಪು ತಣ್ಣಗಾದರೂ ನಿಲ್ಲುತ್ತದೆ. ರಕ್ತದ ಮಾದರಿಯನ್ನು ಸೀರಂ (ಕಣಗಳನ್ನು ತೆಗೆದ ಮೇಲೆ ಉಳಿಯುವ ದ್ರವ) ಬೇರ್ಪಡಿಸದೆ 4 ಡಿಗ್ರಿಯ ಫ್ರಿಜ್‌ನಲ್ಲಿಟ್ಟರೆ ಪಂಪು ಹೆಚ್ಚುಕಡಿಮೆ ಸ್ತಬ್ಧ, ಆದರೆ ಕೆಂಪುಕಣಗಳಿಂದ ಪೊಟ್ಯಾಸಿಯಂ ಸೋರುವುದು ನಿಲ್ಲುವುದಿಲ್ಲ. ಕೆಂಪುಕಣ ಒಡೆದಿರುವುದಿಲ್ಲವಾದ್ದರಿಂದ ಸೀರಂ ಕೆಂಪಾಗುವುದಿಲ್ಲ, ಯಂತ್ರವೂ ಎಚ್ಚರಿಸುವುದಿಲ್ಲ. ವರದಿಯಲ್ಲಿ ಮಾತ್ರ ಪೊಟ್ಯಾಸಿಯಂ 6 ಮಿಲಿಮೋಲ್ ದಾಟಿರಬಹುದು. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಸ್ನಾಯುಗಳ ಪಂಪು ಚುರುಕಾಗಿ, ಸರಿಯಾಗೇ ಇದ್ದ ಪೊಟ್ಯಾಸಿಯಂ ನಿಜಕ್ಕೂ ಕುಸಿಯುತ್ತದೆ. ಇಸಿಜಿ ಸಹಜವಾಗಿದ್ದು, ಮೂತ್ರಪಿಂಡ ಚೆನ್ನಾಗಿದ್ದು, ಸಂಖ್ಯೆ ಮಾತ್ರ ಹೆಚ್ಚಿದ್ದರೆ ಮಾದರಿ ಎಲ್ಲಿ, ಎಷ್ಟು ಹೊತ್ತು ಇತ್ತು ಎಂದು ಮೊದಲು ಕೇಳಿ, ಹೊಸದಾಗಿ ರಕ್ತ ತೆಗೆದು ತಡಮಾಡದೆ ಬೇರ್ಪಡಿಸಿ ನೋಡಬೇಕು.