ಬಿಸಿಲು ಏರುವ ಮುಂಚೆ ನೌಬಾದ್ ತನಕ

ಬೀದರ್, 5 ಮೇ 2024, ಭಾನುವಾರ

ಸಂಜೆಗೆ ಚುನಾವಣೆ ಪ್ರಚಾರ ಮುಗಿಯಿತು. ಮೈಕುಗಳೆಲ್ಲ ಬಂದ್. ನಾಡಿದ್ದು ಮತದಾನ. ಕಿವಿಗೆ ಸ್ವಲ್ಪ ಆರಾಮ ಸಿಕ್ಕಿದೆ, ಬೆಳಗಿನ ಸೈಕಲ್ ಸವಾರಿ ಬಗ್ಗೆ ಬರೆಯಲು ಕೂತಿದ್ದೇನೆ.

ನಮ್ಮ ಭಾನುವಾರದ ಗುಂಪು ಈಗ ಬೆಳಗಿನ 5ಕ್ಕೇ ಹೊರಡುತ್ತದೆ. ಮೊದಲು ಆರೂವರೆಗೆ ಕೋಟೆ ಹತ್ತಿರ ಸೇರುತ್ತಿದ್ದೆವು. ಬೀದರ್ ಎತ್ತರದ ಊರು, ತಂಪು ಅಂತ ಕಲಬುರಗಿಯವರ ಮುಂದೆ ಜಂಬ ಕೊಚ್ಚುತ್ತಿದ್ದ ಕಾಲ ಅದು. ಈಗ ನಮ್ಮಲ್ಲೂ 40 ದಾಟುತ್ತದೆ. ಜಂಬ ನಿಂತಿದೆ.

ಹೋದ ವಾರ ಗುಂಪಿನ ಹುಡುಗನೊಬ್ಬ ವಾಟ್ಸಾಪ್‌ಗೆ ಹವಾಮಾನ ಬದಲಾವಣೆ ಬಗ್ಗೆ ಒಂದು ವಿಡಿಯೋ ಹಾಕಿದ್ದ. ಕರಗುವ ಹಿಮ, ಉರಿಯುವ ಕಾಡು, ಹಿಂದೆ ಅಳುವ ಸಂಗೀತ. ಒಬ್ಬರೂ ಮಾತಾಡಲಿಲ್ಲ. ಕೊನೆಗೆ ಯಾರೋ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಿದರು, ವಿಡಿಯೋ ಮೇಲೆ ಹೋಯಿತು. "ಯಾರಿಗೂ ಏನೂ ಅನ್ಸಲ್ಲ ನೋಡ್ರಿ ಅಣ್ಣಾ" ಅಂದ ಆ ಹುಡುಗ. ನನಗೆ ಹಾಗೆ ಅನ್ನಿಸಲಿಲ್ಲ. ಹೆದರಿಸಿದರೆ ಜನ ಸುಮ್ಮನಾಗುತ್ತಾರೆ, ಅಷ್ಟೆ.

ಈ ಫೆಬ್ರವರಿಯಲ್ಲಿ ನೇಚರ್ ಕ್ಲೈಮೇಟ್ ಚೇಂಜ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂದಿತ್ತು. 125 ದೇಶಗಳಲ್ಲಿ ಸುಮಾರು 1.3 ಲಕ್ಷ ಜನರನ್ನು ಕೇಳಿದ್ದರು. ಬಿಸಿಯಾಗುತ್ತಿರುವ ಭೂಮಿಗಾಗಿ ತಮ್ಮ ಸರ್ಕಾರ ಇನ್ನೂ ಜಾಸ್ತಿ ಮಾಡಬೇಕು ಅಂದವರು 89%. ಅದಕ್ಕೆ ಮನೆಯ ಆದಾಯದಲ್ಲಿ 1% ಕೊಡಲು ಸಿದ್ಧ ಅಂದವರು 69%. ಆದರೆ ಬೇರೆಯವರು ಕೊಡುತ್ತಾರಾ ಅಂತ ಕೇಳಿದಾಗ ಎಲ್ಲ ಕಡೆ ಜನ ಕಡಿಮೆ ಅಂದಾಜು ಮಾಡಿದ್ದಾರೆ. ನಾನೊಬ್ಬನೇ ತಲೆಕೆಡಿಸಿಕೊಂಡಿದ್ದೇನೆ ಅಂತ ಪ್ರತಿಯೊಬ್ಬನೂ ಅಂದುಕೊಂಡು ಕೂತಿದ್ದಾನೆ!

ನಮ್ಮ ಗುಂಪಿನಲ್ಲೂ ಹೀಗೇನಾ ಕೇಳಿ ನೋಡೋಣ ಅಂತ ಇವತ್ತು ಊರ ಪಕ್ಕದ ನೌಬಾದ್ ಸುರಂಗ ಬಾವಿ ಕಡೆ ಹೋದೆವು. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ವಿದ್ಯೆ ತಂದು ಕೊರೆದ ಕರೇಜ್, ಅಂದರೆ ನೆಲದಡಿಯ ನೀರಿನ ಸುರಂಗ ಇದು. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆನೀರು ಹೀರುತ್ತದೆ. ಕೆಳಗಿನ ಕರಿಕಲ್ಲು ಅದನ್ನು ಒಳಗೆ ಬಿಡುವುದಿಲ್ಲ. ನಡುವೆ ನಿಂತ ನೀರಿಗೆ ಸುರಂಗ ಕೊರೆದು, ಇಳಿಜಾರಿನಲ್ಲಿ ತಾನಾಗೇ ಹರಿದು ಬರುವಂತೆ ಮಾಡಿದ್ದಾರೆ. ಪಂಪಿಲ್ಲ, ಕರೆಂಟಿಲ್ಲ. ಮೇಲಿನಿಂದ ಸಾಲಾಗಿ ಬಾವಿಗಳು, ಗಾಳಿಗೆ ಮತ್ತು ಹೂಳು ತೆಗೆಯಲು. ಎಷ್ಟೋ ಕಾಲ ಹೂಳು, ಕಸ ತುಂಬಿ ಮರೆತುಹೋಗಿತ್ತು. ಕಳೆದ ಹತ್ತು ವರ್ಷಗಳಲ್ಲಿ ಸ್ವಚ್ಛ ಮಾಡಿದ್ದಾರೆ. ಪಕ್ಕದ ಲಾತೂರಿಗೆ 2016ರಲ್ಲಿ ಮೀರಜ್‌ನಿಂದ ರೈಲಿನಲ್ಲಿ ನೀರು ಬಂದದ್ದನ್ನು ನೋಡಿದವರು ನಾವು. ನನಗೆ ಕೋಟೆಗಿಂತ ಇದರ ಮೇಲೇ ಜಾಸ್ತಿ ಪ್ರೀತಿ.

ಚಹಾದ ಅಂಗಡಿಯಲ್ಲಿ ವಿಷಯ ತೆಗೆದೆ. ಹಿಮದ ಮಾತಿಲ್ಲ. "ಬಿಸಿಲಿಗೆ ನೀವೇನು ಮಾಡ್ತೀರಿ?" ಅಂತ ಮಾತ್ರ ಕೇಳಿದೆ. ಮೇಷ್ಟ್ರು ಹೋದ ವರ್ಷವೇ ಮಾಳಿಗೆ ಮೇಲೆ ಸೋಲಾರ್ ಫಲಕ ಹಾಕಿಸಿದ್ದಾರಂತೆ. ಇಷ್ಟು ದಿನ ಒಬ್ಬರಿಗೂ ಹೇಳಿಲ್ಲ! ಈ ಫೆಬ್ರವರಿಯಿಂದ ಕೇಂದ್ರ ಸರ್ಕಾರದ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ ಅಂದಾಗ ಅರ್ಧ ಗುಂಪು ಅವರನ್ನು ಮುತ್ತಿಕೊಂಡಿತು. ಬ್ಯಾಂಕಿನ ಅಕ್ಕ ವಾರದ ದಿನವೂ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತಾರೆ, ಸ್ಕೂಟಿ ಮಗಳಿಗೆ ಬಿಟ್ಟಿದ್ದಾರೆ. ಬಟ್ಟೆ ಅಂಗಡಿ ಕಾಕಾ ಮಾತ್ರ ನೇರವಾಗಿ ಕೇಳಿದರು: "ನಾವ್ ಮಾಡಿದ್ರ ಜಗತ್ತಿನ ಬಿಸಿ ಇಳಿತದೇನ್ರಿ?"

ನಾವೊಬ್ಬರೇ ಮಾಡಿದರೆ ಇಳಿಯಲ್ಲ ಕಾಕಾ ಅಂದೆ. ಕಲ್ಲಿದ್ದಲು, ಪೆಟ್ರೋಲು ಸುಡುವುದು ಎಲ್ಲ ಕಡೆ ಕಡಿಮೆ ಆಗಬೇಕು. ಅದನ್ನು ಕೇಳುವ ಜನ ಎಲ್ಲಾದರೂ ಹುಟ್ಟಬೇಕಲ್ಲ. ಇಡೀ ವರ್ಷ ರಸ್ತೆಯಲ್ಲಿ ಬಿಸಿಲು ಮಳೆ ತಿನ್ನುವ ಸೈಕಲ್‌ನವರು, ಚಾರಣದವರು ಕೇಳದಿದ್ದರೆ ಏಸಿ ಕೋಣೆಯವರು ಕೇಳುತ್ತಾರಾ? ಕಾಕಾ ಇನ್ನೊಂದು ಚಹಾ ಹೇಳಿದರು. ಒಪ್ಪಿದರೋ ಇಲ್ಲವೋ, ಗುಂಪಿನಿಂದ ಬೇವು ಊರೋಣ ಅಂದಾಗ ಬೀಜ ಆರಿಸುವ ಕೆಲಸ ತಾವೇ ವಹಿಸಿಕೊಂಡರು. ಬೇವಿನ ಬೀಜ ಹೆಚ್ಚು ದಿನ ತಾಳುವುದಿಲ್ಲ, ಹಣ್ಣು ಉದುರಿದ ಕೆಲವೇ ವಾರಗಳಲ್ಲಿ ಊರಬೇಕು. ಮಿರಗದ (ಮೃಗಶಿರಾ) ಮಳೆಗೆ ಸರಿಯಾಗುತ್ತದೆ.

ಇನ್ನೊಂದು ಕೆಲಸ ನಗರಸಭೆಗೆ ಪತ್ರ. ಸುರಂಗದ ಬಾವಿಗಳ ಸುತ್ತ ಯಾರೂ ಕಟ್ಟಡ ಕಟ್ಟದಂತೆ, ಕಸ ಸುರಿಯದಂತೆ ನೋಡಿಕೊಳ್ಳಿ, ನೌಬಾದ್ ರಸ್ತೆಗೆ ನೆರಳಿನ ಮರ ಕೊಡಿ ಅಂತ. ಕರಡು ನನ್ನ ತಲೆಗೆ ಬಂತು. ಫೋಟೋ ಆ ಹುಡುಗ ತೆಗೆಯುತ್ತಾನೆ, ಈ ಸಲ ಸಂಗೀತ ಬೇಡ ಅಂತ ಹೇಳಿದ್ದೇವೆ. ಈಗ ಕಚೇರಿಯವರೆಲ್ಲ ಚುನಾವಣೆ ಕೆಲಸದಲ್ಲಿದ್ದಾರೆ, ಮತ ಎಣಿಕೆ ಜೂನ್ 4ಕ್ಕೆ. ಅದು ಮುಗಿದ ಮೇಲೆ ಎಲ್ಲರೂ ಸೈಕಲ್ ಮೇಲೇ ಹೋಗಿ ಪತ್ರ ಕೊಡುವುದು ಅಂತ ಮಾತಾಗಿದೆ.