ಮೇಷ್ಟ್ರ ಫೋನಿಗಿಳಿದ 405 ಬೈಟು

ಭಾನುವಾರ ಬೆಳಿಗ್ಗೆ ಏಳೂವರೆಗೆ ಮೇಷ್ಟ್ರ ಫೋನು. "ಏನಯ್ಯಾ, ಸಂಘದ ಸೈಟು ಒತ್ತಿದ್ರೆ ಏನೂ ಕಾಣಲ್ಲ, ಅದೇನೋ ಫೋನಿಗೆ ಇಳೀತದೆ. ಅದನ್ನ ತೆರೆಯೋಕೆ ಬೇರೆ ಆ್ಯಪ್ ಹಾಕ್ಕೋಬೇಕಾ?"

ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಸಂಘಕ್ಕೊಂದು ವರ್ಡ್‌ಪ್ರೆಸ್ (ಸೈಟು ಕಟ್ಟುವ ತಂತ್ರಾಂಶ) ಸೈಟಿದೆ, ನೋಡಿಕೊಳ್ಳುವ ಪುಣ್ಯ ನನ್ನದು. 2023ರಲ್ಲಿ ಹಳೆಯ ಹೋಸ್ಟಿಂಗ್ ಅವಧಿ ಮುಗಿಯುತ್ತಾ ಬಂತೆಂದು, ಹಿಂದಿನ ರಾತ್ರಿಯಷ್ಟೇ ಅದನ್ನು ಉಬುಂಟು 22.04 (ಲಿನಕ್ಸಿನ ಒಂದು ಬಗೆ) ಇದ್ದ ಪುಟ್ಟ ಸರ್ವರಿಗೆ ಸಾಗಿಸಿದ್ದೆ. ಕೇಳಿದವರಿಗೆ ಪುಟ ಬಡಿಸುವ ಪ್ರೋಗ್ರಾಮಾಗಿ ಅಲ್ಲಿ ಅಪಾಚೆ ಇತ್ತು, ಇಲ್ಲಿ ಎಂಜಿನ್‌ಎಕ್ಸ್ ಹಾಕಿಕೊಂಡೆ. ಪರೀಕ್ಷೆ ಅಂತ ಮಾಡಿದ್ದು ಒಂದೇ: ಹಳೇ ಗ್ರೂಪ್ ಫೋಟೊದ ವಿಳಾಸ ಕೊಟ್ಟು ನೋಡಿದೆ, ಬಂತು. ಸೈಟಿನ ಹೆಸರು ಹೊಸ ಸರ್ವರಿಗೆ ದಾರಿ ತೋರಿಸುವ ಹಾಗೆ ಡಿಎನ್‌ಎಸ್ ಬದಲಿಸಿ ಮಲಗಿಬಿಟ್ಟೆ. ಫೋಟೊ ಬರುವುದಕ್ಕೂ ವರ್ಡ್‌ಪ್ರೆಸ್ ಬರೆದಿರುವ ಭಾಷೆಯಾದ ಪಿಎಚ್‌ಪಿ ಓಡುವುದಕ್ಕೂ ಸಂಬಂಧವೇ ಇಲ್ಲವೆಂಬುದು ಆ ನಿದ್ದೆಗಣ್ಣಿಗೆ ಹೊಳೆಯಲಿಲ್ಲ.

ಮೇಷ್ಟ್ರು ಇಳಿದದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿಯೂ ಬಿಟ್ಟರು. ಹೆಸರೇ 'ಡೌನ್‌ಲೋಡ್', ತೂಕ 405 ಬೈಟು. ತೆರೆದರೆ ಸೈಟು ಒತ್ತಿದಾಗ ಮೊದಲು ಓಡಬೇಕಾದ ವರ್ಡ್‌ಪ್ರೆಸ್‌ನ ಇಂಡೆಕ್ಸ್ ಫೈಲು, ಅಕ್ಷರ ಬಿಡದೆ. ಅದರ ತಲೆಯ ಮೇಲಿನ ಕಾಮೆಂಟು ಹೇಳುತ್ತದೆ, ಈ ಫೈಲು ತಾನಾಗಿ ಏನೂ ಮಾಡುವುದಿಲ್ಲ, ಮಾಡುವ ಇನ್ನೊಂದು ಫೈಲನ್ನು ಕರೆಯುತ್ತದೆ ಅಂತ. ಅವತ್ತು ಕರೆಯುವ ಕೆಲಸವೂ ಆಗಿರಲಿಲ್ಲ.

ಅಪಾಚೆಯ ಹೊಟ್ಟೆಯೊಳಗೇ ಪಿಎಚ್‌ಪಿ ಕೂತು ಕೆಲಸ ಮಾಡುವುದನ್ನು ನೋಡಿ ರೂಢಿಯಾದವನು ನಾನು. ಎಂಜಿನ್‌ಎಕ್ಸ್‌ಗೆ ಪಿಎಚ್‌ಪಿ ಬರುವುದೇ ಇಲ್ಲ. ಪಕ್ಕದಲ್ಲಿ ಪಿಎಚ್‌ಪಿ-ಎಫ್‌ಪಿಎಂ ಎಂಬ ಬೇರೆ ಪ್ರೋಗ್ರಾಮು ಕಾದಿರುತ್ತದೆ, ಅದರ ಕೈಗೆ ದಾಟಿಸು ಎಂದು ಬರೆದಿಡಬೇಕು. ಬರೆಯದಿದ್ದರೆ ಅದಕ್ಕೆ ಪಿಎಚ್‌ಪಿ ಫೈಲೂ ಫೋಟೊದ ಹಾಗೆ ಒಂದು ಫೈಲು, ಅಷ್ಟೆ. ಫೋಟೊದ ಜಾತಿಯಾದರೂ ಅದರ ಪಟ್ಟಿಯಲ್ಲಿದೆ, ಪಿಎಚ್‌ಪಿಯದ್ದು ಇಲ್ಲ. ಗೊತ್ತಿಲ್ಲದ್ದಕ್ಕೆಲ್ಲ 'ಆಕ್ಟೆಟ್ ಸ್ಟ್ರೀಮ್' ಎಂಬ ಚೀಟಿ ಅಂಟಿಸಿ ಕಳಿಸುತ್ತದೆ. ಆ ಚೀಟಿ ಕಂಡ ಬ್ರೌಸರು ಉಳಿಸಿಡುವುದೊಂದೇ ದಾರಿ ಎಂದುಕೊಳ್ಳುತ್ತದೆ.

ಇಲ್ಲಿವರೆಗೆ ನಗುತ್ತಿದ್ದೆ. ಆಮೇಲೆ ಯಾಕೋ ಅನುಮಾನ ಬಂದು ಸೈಟಿನ ವಿಳಾಸದ ಮುಂದೆ, ವರ್ಡ್‌ಪ್ರೆಸ್‌ನ ಗುಟ್ಟೆಲ್ಲ ಇರುವ ಫೈಲಾದ ಡಬ್ಲ್ಯುಪಿ-ಕಾನ್ಫಿಗ್ ಹೆಸರು ಟೈಪಿಸಿದೆ. ಅದೂ ಇಳಿಯಿತು. ಡೇಟಾಬೇಸಿನ ಹೆಸರು, ಯೂಸರು, ಪಾಸ್‌ವರ್ಡು ಎಲ್ಲ ಸಾಲಾಗಿ. ಎದೆ ಧಸಕ್ಕೆಂದಿತು. ಮೊದಲು ಸರ್ವರ್ ನಿಲ್ಲಿಸಿದೆ, ಕಾಫಿ ಆಮೇಲೆ.

ಉಬುಂಟು ಎಂಜಿನ್‌ಎಕ್ಸ್‌ಗೆಂದು ಕೊಡುವ ಡೀಫಾಲ್ಟ್ ಫೈಲಿನಲ್ಲಿ ಪಿಎಚ್‌ಪಿಗೆ ಬೇಕಾದ ಸಾಲುಗಳು ಇದ್ದೇ ಇವೆ, ಎಲ್ಲಕ್ಕೂ ಮುಂದೆ ಹ್ಯಾಶ್ ಗುರುತು; ಅದಿದ್ದರೆ ಸಾಲು ಲೆಕ್ಕಕ್ಕಿಲ್ಲ. ಮೇಲಿನ ಇಂಡೆಕ್ಸ್ ಸಾಲಿಗೆ ಪಿಎಚ್‌ಪಿ ಸೇರಿಸಿಕೊಳ್ಳಿ ಎಂದಿದ್ದನ್ನು ರಾತ್ರಿ ಓದಿ ಸೇರಿಸಿದ್ದೆ, ಕೆಳಗಿಳಿದು ನೋಡಿರಲಿಲ್ಲ. ಈಗ ಆತುರದಲ್ಲಿ ಎಲ್ಲ ಹ್ಯಾಶ್ ಕಿತ್ತೆ. ಪರೀಕ್ಷಾ ಕಮಾಂಡು ಬೈಯಿತು: ಒಂದೇ ನಿರ್ದೇಶನ ಎರಡು ಸಲ. ಪಿಎಚ್‌ಪಿಗೆ ದಾಟಿಸಲು ಅಲ್ಲಿದ್ದ ಎರಡು ದಾರಿಗಳಲ್ಲಿ, ಸಾಕೆಟ್ ಅಥವಾ 9000ದ ಪೋರ್ಟು, ಒಂದನ್ನು ಮಾತ್ರ ಇಟ್ಟುಕೊಳ್ಳಬೇಕಿತ್ತು. ಸಾಕೆಟ್ ಉಳಿಸಿಕೊಂಡೆ. ಈಗ 502, ಅಂದರೆ ದಾಟಿಸಿದ ಕಡೆಯಿಂದ ಸರಿಯಾದ ಉತ್ತರವಿಲ್ಲ. ಆ ಸಾಲಿನಲ್ಲಿ ಪಿಎಚ್‌ಪಿ 7.4 ಅಂತಿದೆ, ನಾನು ಹಾಕಿದ್ದು 8.1! ಅಂಕಿ ತಿದ್ದಿದ ಮೇಲೆ ಶಾಲೆಯ ಹೆಂಚಿನ ಮಾಡು ಪರದೆ ಮೇಲೆ ಬಂತು.

ಲಾಗ್ ತೆಗೆದು ಕೂತೆ. ರಾತ್ರಿಯಿಡೀ 200, 405, 200, 405: 200 ಅಂದರೆ 'ಎಲ್ಲ ಸರಿ', 405 ಕಳಿಸಿದ ಬೈಟು. ಎಲ್ಲರಿಗೂ ಅದೇ ಬೈಟು ಬಡಿಸಿದೆ, ಒಂದು ತಪ್ಪೂ ದಾಖಲಾಗಿಲ್ಲ. ಸರ್ವರಿನ ಮಟ್ಟಿಗೆ ಎಲ್ಲ ಸರಿಯೇ ಇತ್ತಲ್ಲ! ಕಾನ್ಫಿಗ್ ಫೈಲನ್ನು ಕೇಳಿದ್ದು ನಾನೊಬ್ಬನೇ. ಆದರೂ ಪಾಸ್‌ವರ್ಡು, ಜೊತೆಗಿದ್ದ ಗುಪ್ತ ಕೀಲಿಗಳು, ಎಲ್ಲ ಬದಲಿಸಿದೆ.

ಮೇಷ್ಟ್ರಿಗೆ ಫೋನ್ ಮಾಡಿದರೆ, "ಇಲ್ಲಪ್ಪಾ, ಈಗಲೂ ಇಳೀತಾನೇ ಇದೆ." ಇದು ಬ್ರೌಸರಿನ ಕ್ಯಾಶ್, ಒಮ್ಮೆ ತಂದದ್ದನ್ನೇ ಇಟ್ಟುಕೊಂಡು ಮತ್ತೆ ಕೊಡುವ ಉಗ್ರಾಣ. ಆ ಫೈಲಿನ ಮೇಲೆ 2020ರ ತಾರೀಖಿತ್ತು. ಇಷ್ಟು ದಿನ ಬದಲಾಗದ್ದು ಇನ್ನೂ ಕೆಲ ಕಾಲ ಬದಲಾಗದು ಎಂದು ಬ್ರೌಸರು ತಾನೇ ಲೆಕ್ಕ ಹಾಕುತ್ತದೆ, ಸಾಮಾನ್ಯವಾಗಿ ವಯಸ್ಸಿನ ಹತ್ತನೇ ಒಂದು ಪಾಲು. ಮೂರು ವರ್ಷಕ್ಕೆ ಸುಮಾರು ನಾಲ್ಕು ತಿಂಗಳು! ಅಷ್ಟು ದಿನ ಕಾಯಿಸುವ ಹಾಗಿಲ್ಲವೆಂದು ಫೋನಿನಲ್ಲೇ ಒಂದೊಂದೇ ಗುಂಡಿ ಹೇಳಿಕೊಟ್ಟು ಕ್ಯಾಶ್ ಅಳಿಸಿಸಿದೆ.

"ಬಂತು, ಬಂತು," ಅಂದರು. ಸ್ವಲ್ಪ ತಡೆದು, "ಆ ಇಳಿದವು ಆರು ಇವೆಯಲ್ಲ, ಅವನ್ನ ಇಟ್ಕೊಂಡಿರಲೇನಯ್ಯಾ?"