ಸಮಾರ್ಯದವನ ಪಾತ್ರ ಯಾರಿಗೆ?

ದಾವಣಗೆರೆಯಲ್ಲಿ ಒಂದು ಚರ್ಚಿಗೆ ಸೇರಿದ ಸಮಾಜ ಸೇವಾ ಕೇಂದ್ರದಲ್ಲಿ ನಾನು ಯುವಜನರ ಕಾರ್ಯಕ್ರಮ ನೋಡಿಕೊಳ್ಳುತ್ತೇನೆ. ಸಂಜೆ ಟ್ಯೂಷನ್, ಬೇಸಿಗೆ ರಜೆಯಲ್ಲಿ ವಿಬಿಎಸ್ (ಮಕ್ಕಳ ಬೈಬಲ್ ಶಿಬಿರ), ಓಣಿಗಳಲ್ಲಿ ಬಿಪಿ-ಶುಗರ್ ತಪಾಸಣೆ, ಹೀಗೆ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ನೋಡಿರುವ ನಾಟಕ ಎಂದರೆ ಒಳ್ಳೆಯ ಸಮಾರ್ಯದವನದು. ಕಳ್ಳರಿಂದ ಏಟು ತಿಂದು ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಬೈಬಲ್ ಕಥೆ ಅದು. ಪಾತ್ರ ಹಂಚುವ ರೀತಿ ಮಾತ್ರ ಯಾವಾಗಲೂ ಒಂದೇ. ಸಮಾರ್ಯದವನ ವೇಷ ಬೆಳ್ಳಗೆ, ಲಕ್ಷಣವಾಗಿರುವ ನಮ್ಮ ಸಭೆಯ, ಅಂದರೆ ಚರ್ಚಿನ, ಹುಡುಗನಿಗೆ. ಕಳ್ಳರ ವೇಷ ಕಪ್ಪಗಿರುವವರಿಗೆ. ಯಾರೂ ಬೇಕಂತಲೇ ಹಾಗೆ ಮಾಡುವುದಿಲ್ಲ. ತಾನಾಗಿಯೇ ಹಾಗೆ ಆಗಿಬಿಡುತ್ತದೆ. ತೊಂದರೆ ಇರುವುದೇ ಅಲ್ಲಿ.

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿರುವ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಒಬ್ಬ ಏಟು ತಿಂದು ಬಿದ್ದಿದ್ದಾನೆ. ಯಾಜಕ ನೋಡಿಯೂ ನೋಡದಂತೆ ಹೋದ. ದೇವಾಲಯದ ಸೇವೆ ಮಾಡುವ ಲೇವಿಯನೂ ಹಾಗೇ ಹೋದ. ನಿಂತವನು ಸಮಾರ್ಯದವನು. ಯೆಹೂದ್ಯರು ಹೊಕ್ಕುಬಳಕೆಯನ್ನೇ ಇಟ್ಟುಕೊಳ್ಳದ ಜನಾಂಗದವನು. ಇದಕ್ಕಿಂತ ಒಂದೇ ಅಧ್ಯಾಯ ಹಿಂದೆ ನೋಡಿ. ಸಮಾರ್ಯದ ಒಂದು ಹಳ್ಳಿ ತಮ್ಮನ್ನು ಸೇರಿಸಿಕೊಳ್ಳಲಿಲ್ಲ ಎಂದು ಶಿಷ್ಯರಾದ ಯಾಕೋಬ, ಯೋಹಾನರು 'ಆಕಾಶದಿಂದ ಬೆಂಕಿ ಬೀಳಿಸೋಣವೇ' ಎಂದು ಕೇಳುತ್ತಾರೆ. ಯೇಸುಸ್ವಾಮಿ ಅವರನ್ನು ಗದರಿಸುತ್ತಾರೆ. ಆಮೇಲೆ ಅದೇ ಸಮಾರ್ಯದವನೊಬ್ಬನನ್ನು ಕಥೆಯ ನಾಯಕ ಮಾಡುತ್ತಾರೆ. ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿಸಿದರೆ ಯುವಜನರ ಕೂಟದಲ್ಲಿ ಯಾರೂ ಮೊಬೈಲ್ ನೋಡುವುದಿಲ್ಲ, ಇದು ನನ್ನ ಅನುಭವ.

ನಮ್ಮ ಸೇವಾ ಕೆಲಸಗಳಲ್ಲೂ ಇದೇ ನಾಟಕ ನಡೆಯುತ್ತದೆ. ಕೊಡುವವರು ನಾವು, ತಗೊಳ್ಳುವವರು ಹೊರಗಿನವರು. ಕಥೆಯಲ್ಲಿ ಹೊರಗಿನವನ ಕೈಯಲ್ಲೇ ಗಾಯಕ್ಕೆ ಹಾಕುವ ಎಣ್ಣೆ, ದ್ರಾಕ್ಷಾರಸ, ಗಾಯಾಳುವನ್ನು ಹೊರುವ ಕತ್ತೆ, ಛತ್ರದವನಿಗೆ ಕೊಡುವ ದುಡ್ಡು ಎಲ್ಲಾ ಇತ್ತು ಅನ್ನುವುದನ್ನು ಮರೆತೇಬಿಟ್ಟಿದ್ದೇವೆ.

ನಮ್ಮ ಊರಲ್ಲಿ ಕೊಡುವವರು ಯಾರು, ತಗೊಳ್ಳುವವರು ಯಾರು ಎಂಬ ಈ ಪ್ರಶ್ನೆ ಬಂದದ್ದು ನರ್ಸಿಂಗ್ ಹುಡುಗಿಯರಿಂದ. ದಾವಣಗೆರೆ ಮೊದಲು ಹತ್ತಿ ಮಿಲ್ಲುಗಳ ಊರು, ಈಗ ಕಾಲೇಜುಗಳ ಊರು. ನಮ್ಮ ಚರ್ಚಿಗೆ ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್ ಕಡೆಯ ವಿದ್ಯಾರ್ಥಿಗಳು ಬರುತ್ತಾರೆ. ಮಿಜೋರಾಂ, ನಾಗಾಲ್ಯಾಂಡ್‌ಗಳಲ್ಲಿ ಕ್ರೈಸ್ತರೇ ಬಹುಪಾಲು. ಹಾಗಾಗಿ ಭಾನುವಾರ ಬಂತೆಂದರೆ ಇವರು ಚರ್ಚ್ ಹುಡುಕಿಕೊಂಡು ಬರುತ್ತಾರೆ. ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಆಟೋದವರು 'ನೇಪಾಳನಾ, ಚೀನಾನಾ' ಅಂತ ಕೇಳುವುದು ಅವರಿಗೆ ಅಭ್ಯಾಸವಾಗಿದೆ. 2020ರಲ್ಲಿ ಆ ಮುಖ ನೋಡಿ 'ಕೊರೊನಾ' ಎಂದು ಕೂಗಿದವರು ದೇಶದ ತುಂಬಾ ಇದ್ದರು. ಆ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು ಇದನ್ನು ತಡೆಯಿರಿ ಎನ್ನಬೇಕಾಯಿತು. ಅದಕ್ಕೂ ಮೊದಲು, 2012ರ ಆಗಸ್ಟ್‌ನಲ್ಲಿ, ಹಲ್ಲೆಯಾಗುತ್ತದೆ ಎಂಬ ಬರೀ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದ್ದರು. 2014ರಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ದೆಹಲಿಯಲ್ಲಿ ಏಟು ತಿಂದು ಸತ್ತ ಮೇಲೆ ಈಶಾನ್ಯದವರ ಸಮಸ್ಯೆ ನೋಡಲು ಬೆಜ್‌ಬರುವಾ ಸಮಿತಿ ನೇಮಕವಾಯಿತು, ವರದಿಯೂ ಬಂತು. ಇದೆಲ್ಲ ದೊಡ್ಡ ಊರುಗಳ ಸುದ್ದಿ, ನಮ್ಮಲ್ಲಿ ಹಾಗೇನೂ ಇಲ್ಲ ಅಂತ ನಮ್ಮವರು ಹೇಳುತ್ತಿದ್ದರು. ಹೊಡೆದಾಟ ಇಲ್ಲ, ನಿಜ. ಆದರೆ ರೂಮು ಕೇಳಲು ಹೋದರೆ 'ಈಗಷ್ಟೇ ಕೊಟ್ವಿ' ಅಂತಾರೆ. ಬೋರ್ಡು ಮಾತ್ರ ಮರುದಿನವೂ ಗೇಟಿಗೆ ನೇತಾಡುತ್ತಿರುತ್ತದೆ.

ಕಮಿಟಿಯವರು ಮೊದಲು ಮಾಡಿದ್ದು ಸ್ವಾಗತ ಕೂಟ. 'ನಿಮ್ಮ ಕಡೆಯ ಬಟ್ಟೆ ಹಾಕ್ಕೊಂಡು ಬನ್ನಿ, ಒಂದು ಡ್ಯಾನ್ಸ್ ಮಾಡಿ' ಅಂದರು. ಹುಡುಗಿಯರು ಬಂದರು, ಕುಣಿದರು. ಎಲ್ಲರೂ ಫೋಟೋ ತೆಗೆಸಿಕೊಂಡರು. ಬಿರಿಯಾನಿ ಚೆನ್ನಾಗಿತ್ತು. ಮುಂದಿನ ಭಾನುವಾರ ಮತ್ತೆ ಅದೇ ಹಿಂದಿನ ಬೆಂಚು. ಮಣಿಪುರದ ಒಬ್ಬ ಹುಡುಗಿ ನನ್ನ ಹತ್ತಿರ ಬಂದು ಹಿಂದಿ, ಕನ್ನಡ ಎರಡೂ ಸೇರಿಸಿ ಕೇಳಿದಳು: 'ಮ್ಯಾಮ್, ನಾವು ಈ ಸಭೆಯವರಾ, ಪ್ರೋಗ್ರಾಂಗೆ ಬಂದ ಗೆಸ್ಟುಗಳಾ?'

ಆ ಪ್ರಶ್ನೆಗೆ ಉತ್ತರ ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿದೆ ಅಂತ ನನಗನ್ನಿಸುತ್ತದೆ. ಯೆರೂಸಲೇಮಿನ ಮೊದಲ ಸಭೆಯಲ್ಲಿ ದಿನಾ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಗುಣುಗುಟ್ಟುವಿಕೆ ಶುರುವಾಯಿತು. ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ಎಲ್ಲರನ್ನೂ ಕರೆದು ಏಳು ಜನರನ್ನು ಆರಿಸಿ ಅಂದರು, ಹಂಚುವ ಕೆಲಸ ಅವರ ಕೈಗೆ ಒಪ್ಪಿಸಿದರು. ಸ್ತೆಫನ, ಫಿಲಿಪ್ಪ, ತಿಮೋನ, ನಿಕೊಲಾಯ... ಆ ಏಳೂ ಗ್ರೀಕ್ ಹೆಸರುಗಳು. ದೂರು ಹೇಳಿದ ಪಂಗಡದವರ ಕೈಗೇ ಉಗ್ರಾಣ ಹೋಯಿತು ಅಂತ ಕಾಣುತ್ತದೆ. ಮುಂದೆ ಸಮಾರ್ಯಕ್ಕೆ ಹೋಗಿ ಸುವಾರ್ತೆ ಸಾರಿದವನೂ ಈ ಏಳು ಜನರಲ್ಲಿ ಒಬ್ಬನಾದ ಫಿಲಿಪ್ಪನೇ.

ನಾವೂ ಅದನ್ನೇ ಮಾಡಿದೆವು. ಮಂಡಕ್ಕಿ ಭಟ್ಟಿಗಳ ಕಡೆ ನಡೆಸುತ್ತಿದ್ದ ತಪಾಸಣೆ ಶಿಬಿರವನ್ನು ಪೂರ್ತಿ ಆ ಹುಡುಗಿಯರಿಗೆ ವಹಿಸಿದೆವು. ಸಹಾಯಕರಾಗಿ ಅಲ್ಲ, ಉಸ್ತುವಾರಿಗೆ. ಯಾವ ಓಣಿ, ಯಾವ ವಾರ, ಯಾರಿಗೆ ಯಾವ ಡ್ಯೂಟಿ ಎಲ್ಲಾ ಅವರದೇ ತೀರ್ಮಾನ. ಗ್ಲುಕೋಮೀಟರ್ ಸ್ಟ್ರಿಪ್ ತರುವ ದುಡ್ಡು, ರಿಜಿಸ್ಟರ್, ಬೀರುವಿನ ಕೀ ಅವರ ಹತ್ತಿರ. ಕೀ ವಿಷಯಕ್ಕೆ ಒಬ್ಬ ಹಿರಿಯರು ಸಿಟ್ಟಾದರು. 'ನಾಳೆ ಊರಿಗೆ ಹೋಗೋರ ಕೈಗೆ ದುಡ್ಡು ಯಾಕೆ?' ಅಂದರು. ನಮ್ಮ ಪಾದ್ರಿ ಅಯ್ಯನವರು ನಕ್ಕು, 'ನಾವೂ ಒಂದಿನ ಹೋಗೋರೇ ಅಲ್ವೇನ್ರೀ' ಅಂದರು. ಮೀಟಿಂಗ್ ಮುಗಿಯಿತು. ಇಂಥ ಕಡೆ ಮೇಲಿರುವವರು ಒಂದು ಮಾತು ಆಡಿದರೆ ನಮ್ಮಂಥವರ ಹತ್ತು ಮಾತು ಉಳಿಯುತ್ತದೆ.

ಹುಡುಗಿಯರು ಮೊದಲು ಬದಲಿಸಿದ್ದು ಹೊತ್ತನ್ನು. ನಾವು ಬೆಳಿಗ್ಗೆ ಹನ್ನೊಂದಕ್ಕೆ ಟೇಬಲ್ ಹಾಕಿ, ಜನ ಬರಲ್ಲ, ಅವರಿಗೆ ಆರೋಗ್ಯದ ಕಾಳಜಿ ಇಲ್ಲ ಅಂದುಕೊಳ್ಳುತ್ತಿದ್ದೆವು. ಇವರು ಭಟ್ಟಿಯ ಹೆಂಗಸರನ್ನು ಸೀದಾ ಕೇಳಿದರು. ಬೆಳಗ್ಗೆಲ್ಲಾ ಭಟ್ಟಿ ಮುಂದೆ ಇರ್ತೀವಿ, ಸಂಜೆ ಬರ್ರಿ ಅಂದರು ಅವರು. ಸಂಜೆಗೆ ಹಾಕಿದ ಮೇಲೆ ಸಾಲು ನಿಂತಿತು. ಒಬ್ಬ ಅಜ್ಜಿ ಪ್ರತಿ ಸಲ 'ನಮ್ ಚೀನಾ ಹುಡುಗಿ ಬಂದ್ಲು' ಅಂತ ಪ್ರೀತಿಯಿಂದಲೇ ಕೂಗುತ್ತಿದ್ದಳು. ಹುಡುಗಿ ಬಿಪಿ ಪಟ್ಟಿ ಕಟ್ಟುತ್ತಾ, 'ಅಜ್ಜಿ, ನಿಮ್ದು ದಾವಣಗೆರೆ, ನಂದು ಮಣಿಪುರ. ಚೀನಾ ನಾನೂ ನೋಡಿಲ್ಲ' ಅಂದಳು. ಈಗ ಅಜ್ಜಿ ಬೇರೆಯವರನ್ನು ತಿದ್ದುತ್ತಾಳೆ. ಇದರಿಂದ ಊರೇ ಬದಲಾಯಿತು ಅಂತ ನಾನು ಹೇಳಲ್ಲ, ಆ ಓಣಿಯಷ್ಟೇ.

ಸ್ವಯಂಸೇವಕರ ತರಬೇತಿಗೆ ನಾನೀಗ ಹೇಳುವುದು ಎಬೆದ್ಮೆಲೆಕನ ಕಥೆ. ನಮ್ಮಲ್ಲಿ ಇವನ ಹೆಸರು ಕೇಳಿದವರೇ ಕಡಿಮೆ. ಯೆರೆಮೀಯ ಪ್ರವಾದಿಯನ್ನು ಕೆಸರು ತುಂಬಿದ ಬಾವಿಗೆ ಇಳಿಸಿದಾಗ ರಾಜನ ಹತ್ತಿರ ಹೋಗಿ ಮಾತಾಡಿದವನು ಈ ಕೂಷ್ ದೇಶದವನು. ಕೂಷ್ ಎಂದರೆ ಈಜಿಪ್ಟಿನ ದಕ್ಷಿಣಕ್ಕೆ, ಈಗಿನ ಸುಡಾನ್ ಕಡೆ. ಅರಮನೆಯಲ್ಲಿ ಅವನೊಬ್ಬ ಪರದೇಶಿ ಸೇವಕ. ಅವನು ಹಗ್ಗದ ಜೊತೆ ಹಳೆ ಬಟ್ಟೆ ಚಿಂದಿಗಳನ್ನೂ ಇಳಿಬಿಟ್ಟು, 'ಇವನ್ನು ಕಂಕುಳಲ್ಲಿ ಇಟ್ಟುಕೊಂಡು ಹಗ್ಗ ಹಾಕಿಕೋ' ಎನ್ನುತ್ತಾನೆ. ಎಳೆಯುವಾಗ ನೋಯಬಾರದಲ್ಲ, ಅದಕ್ಕೆ. ಸಹಾಯ ಮಾಡುವವರಿಗೆ ಇಡೀ ಬೈಬಲಿನಲ್ಲಿ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ತಪ್ಪು ಮಾಡಿದವರನ್ನು ಏನು ಮಾಡುವುದು? ಇದೂ ಕೆಲಸದಲ್ಲಿ ಬಂದೇ ಬರುತ್ತದೆ. ನಮ್ಮದೇ ಒಬ್ಬ ಹುಡುಗ ಒಬ್ಬ ಹುಡುಗಿಯ ಮಾತಿನ ಧಾಟಿಯನ್ನು ಅಣಕಿಸಿ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ. ಅವನನ್ನು ತೆಗೆದುಹಾಕಿ ಅಂದರು ಕೆಲವರು, ಹುಡುಗಾಟ ಬಿಡಿ ಅಂದರು ಹಲವರು. ಬೈಬಲಿನ ಅರಣ್ಯಕಾಂಡದ 12ನೇ ಅಧ್ಯಾಯ ಓದಿಸಿದೆ. ಇಸ್ರಾಯೇಲರ ನಾಯಕ ಮೋಶೆ ಕೂಷ್ ದೇಶದ ಹೆಂಡತಿಯನ್ನು ಕಟ್ಟಿಕೊಂಡನೆಂದು ಅಕ್ಕ ಮಿರ್ಯಾಮಳು, ಅಣ್ಣ ಆರೋನ ಆಡಿಕೊಂಡರು. ದೇವರ ಸಿಟ್ಟಿಗೆ ಮಿರ್ಯಾಮಳಿಗೆ ಕುಷ್ಠ ಹತ್ತಿ ಮೈ ಹಿಮದಂತೆ ಬೆಳ್ಳಗಾಯಿತು. 'ಹುಡುಗಿ ಸ್ವಲ್ಪ ಕಪ್ಪು' ಅಂತ ಸಂಬಂಧ ಬಿಡುವ ನಮ್ಮ ಮನೆಗಳಲ್ಲಿ ಈ ಭಾಗವನ್ನು ಗಟ್ಟಿಯಾಗಿ ಓದಬೇಕು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮೋಶೆಯೇ ಅವಳಿಗಾಗಿ ಬೇಡಿಕೊಳ್ಳುತ್ತಾನೆ. ಏಳು ದಿನ ಅವಳು ಪಾಳೆಯದ ಹೊರಗಿರಬೇಕಾಯಿತು. ಅವಳು ವಾಪಸ್ ಬರುವವರೆಗೆ ಜನ ಮುಂದಕ್ಕೆ ಹೊರಡಲಿಲ್ಲ. ಶಿಕ್ಷೆಯೂ ಇದೆ, ಕಾಯುವುದೂ ಇದೆ. ಹುಡುಗನನ್ನು ಡ್ಯೂಟಿಯಿಂದ ಇಳಿಸಿದೆವು, ಅವನ ಹೆಸರನ್ನು ಪಟ್ಟಿಯಲ್ಲೇ ಇಟ್ಟೆವು. ಈಗ ಅವನು ಅದೇ ಹುಡುಗಿಯ ಕೈಕೆಳಗೆ ರಿಜಿಸ್ಟರ್ ಬರೆಯುತ್ತಾನೆ. ಇಬ್ಬರೂ ಜಾಸ್ತಿ ಮಾತಾಡುವುದಿಲ್ಲ. ಅದೂ ಸರಿಯೇ.

ಜಾತಿಯ ಮಾತು ಎತ್ತದೆ ಜನಾಂಗದ ಬಗ್ಗೆ ಮಾತ್ರ ಹೇಳಿದರೆ ನಾನು ಅರ್ಧ ಸುಳ್ಳು ಹೇಳಿದಂತೆ. ಸಂವಿಧಾನದ 15ನೇ ವಿಧಿ ಜನಾಂಗ, ಜಾತಿ, ಹುಟ್ಟಿದ ಊರು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಸಭೆಗಳ ಒಳಗೂ ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ ಅನ್ನುವ ಲೆಕ್ಕ ಇನ್ನೂ ಇದೆ. ಅಪೊಸ್ತಲ ಪೇತ್ರನಂಥವನೇ ಅಂತಿಯೋಕ್ಯದಲ್ಲಿ, ಯೆರೂಸಲೇಮಿನಿಂದ ಜನ ಬಂದ ಕೂಡಲೇ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಊಟದ ಪಂಕ್ತಿಯಿಂದ ಎದ್ದು ಹೋಗಿದ್ದ. ಇನ್ನೊಬ್ಬ ಅಪೊಸ್ತಲ ಪೌಲ, ಇದು ಸರಿಯೇ ಎಂದು ಎಲ್ಲರೆದುರಿಗೇ ಅವನನ್ನು ಕೇಳಿದ. ನಮ್ಮಲ್ಲಿ ಪೌಲರು ಸ್ವಲ್ಪ ಕಡಿಮೆ.

ಬಾಡಿಗೆ ರೂಮಿನ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಶಿಬಿರದಲ್ಲಿ ಹೊಗಳುವವರೂ ಮನೆ ಕೊಡು ಅಂದರೆ 'ಅವರ ಅಡುಗೆ ವಾಸನೆ' ಅಂತ ಹಿಂದೆ ಸರಿಯುತ್ತಾರೆ. ಈಗ ಸಭೆಯ ಮನೆ ಮಾಲೀಕರನ್ನೇ ಒಬ್ಬೊಬ್ಬರಾಗಿ ನೋಡುತ್ತಿದ್ದೇವೆ, ಹುಡುಗಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮಾತಾಡುವವರು ಅವರೇ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಕೆಲವರು ಒಪ್ಪಿದ್ದಾರೆ. ವಿದ್ಯಾನಗರ, ಎಂಸಿಸಿ ಬ್ಲಾಕ್ ಕಡೆ ನಿಮ್ಮದೊಂದು ಖಾಲಿ ರೂಮಿದ್ದರೆ, ಮೀನು ಬೇಯಿಸಿದರೆ ಬೇಜಾರಿಲ್ಲ ಅನ್ನುವುದಾದರೆ, ದಯವಿಟ್ಟು ತಿಳಿಸಿ. ಅಡ್ವಾನ್ಸ್ ಸರಿಯಾಗಿ ಕೊಡುತ್ತಾರೆ.